ಜೀವಕೋಶಕ್ಕೂ ಒಂದು ರೈಲ್ವೆ ಗೇಟ್: ಪಾಳಿ ಬದಲಾದ್ರೆ ಮೈಯೊಳಗಿನ ಲೆಕ್ಕ ಏನಾಗ್ತದೆ?

ಸೇಡಂ: ನಮ್ಮ ಕಡೆ ಮನೆಯಲ್ಲಿ ಗೋಡೆ ಗಡಿಯಾರ ನಿಂತರೂ ಹೊತ್ತು ಗೊತ್ತಾಗ್ತದೆ. ವಾಡಿ, ಶಹಾಬಾದ್, ಸೇಡಂ, ಚಿತ್ತಾಪುರ ರಸ್ತೆಗಳಲ್ಲಿ ಒಮ್ಮೆಲೇ ಬೈಕ್‌ಗಳ ಸಾಲು ಬಂತು ಅಂದ್ರೆ ಸಿಮೆಂಟ್ ಫ್ಯಾಕ್ಟರಿ ಪಾಳಿ ಬದಲಾಯ್ತು ಅಂತ ಅರ್ಥ. ಚಹಾ ಅಂಗಡಿಯವರು ಹಾಲು ಕಾಯೋಕೆ ಇಡೋದು, ಭಜಿ ಅಂಗಡಿಯವರು ಎಣ್ಣಿ ಇಡೋದು ಸೂರ್ಯನ್ನ ನೋಡಿ ಅಲ್ಲ, ಪಾಳಿ ನೋಡಿ. ಚಿಂಚೋಳಿ ತಾಲ್ಲೂಕಿನ ಸಿಮೆಂಟ್ ಫ್ಯಾಕ್ಟರಿಗಳಿಗೆ ಹೋಗುವವರ ಮನೆಗಳಲ್ಲೂ ಇದೇ ಕಥೆ.

ಈ ಮನೆಗಳಲ್ಲಿ ಕೇಳಿ ಬರುವ ಮಾತು ಎರಡೇ. "ನೈಟ್ ಪಾಳಿ ವಾರದಾಗ ಹೊಟ್ಟಿ ಸರಿ ಇರಂಗಿಲ್ರಿ, ನಿದ್ದಿ ಹತ್ತಂಗಿಲ್ಲ" ಅನ್ನೋದು ಒಂದು. "ಇರ್ಲಿ ಬಿಡು, ರೂಢಿ ಆಗ್ತದ" ಅನ್ನೋದು ಇನ್ನೊಂದು.

ಮೈಗೆ ನಿಜಕ್ಕೂ ರೂಢಿ ಆಗ್ತದಾ? ಅದಕ್ಕೆ ಎಷ್ಟು ದಿನ ಬೇಕು? ಅಷ್ಟರೊಳಗೆ ಮತ್ತೆ ಪಾಳಿ ಬದಲಾದ್ರೆ ಏನಾಗ್ತದೆ? ಈ ಪ್ರಶ್ನೆಗಳನ್ನು ವಿಜ್ಞಾನಿಗಳು ಒಂದು ವಿಚಿತ್ರ ದಾರಿಯಿಂದ ಕೇಳುತ್ತಿದ್ದಾರೆ. ನಮ್ಮ ಮೈಯ ಒಂದೊಂದು ಜೀವಕೋಶ ಒಡೆದು ಎರಡಾಗುವುದು ಯಾವ ಹೊತ್ತಿಗೆ, ಆ ಹೊತ್ತನ್ನು ಯಾರು ಗೊತ್ತು ಮಾಡ್ತಾರೆ ಅನ್ನೋದನ್ನ ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕಿ ನೋಡುವ ದಾರಿ ಅದು. ಕೇಳಿದರೆ ದೊಡ್ಡ ವಿಷಯ. ಆದ್ರೆ ಲೆಕ್ಕದ ತಿರುಳು ನೋಟ್‌ಬುಕ್ಕಿನ ಅರ್ಧ ಪುಟದಲ್ಲಿ ಮುಗೀತದೆ. ಕೆಳಗೆ ಅದನ್ನೂ ಮಾಡಿ ತೋರಿಸಿದ್ದೇವೆ.

ಪ್ರತಿ ಕೋಶದಲ್ಲೂ ಒಂದು ಗಡಿಯಾರ

ಮಿದುಳಿನಲ್ಲಿ ಒಂದು ಮುಖ್ಯ ಗಡಿಯಾರ ಇದೆ, ಅದು ಕಣ್ಣಿಗೆ ಬೀಳುವ ಬೆಳಕು ನೋಡಿ ಹೊತ್ತು ಸರಿ ಮಾಡಿಕೊಳ್ತದೆ. ಇದು ಹಲವರಿಗೆ ಗೊತ್ತಿರಬಹುದು. ಅಷ್ಟೇ ಅಲ್ಲ, ಯಕೃತ್ತು, ಚರ್ಮ, ಕರುಳು, ಕೊಬ್ಬು ಹೀಗೆ ಮೈಯ ಹೆಚ್ಚುಕಡಿಮೆ ಎಲ್ಲಾ ಭಾಗದ ಕೋಶಗಳ ಒಳಗೂ ಸುಮಾರು 24 ಗಂಟೆಗೆ ಒಂದು ಸುತ್ತು ಹಾಕುವ ಸ್ವಂತ ಗಡಿಯಾರ ಇದೆ. ಅದಕ್ಕೆ ಮುಳ್ಳೂ ಇಲ್ಲ, ಸೆಲ್ಲೂ ಇಲ್ಲ. ಕೆಲವು ಪ್ರೋಟೀನ್‌ಗಳು ಏರುವುದು, ಇಳಿಯುವುದೇ ಅದರ ಟಿಕ್ ಟಿಕ್.

ಕಿರಾಣಿ ಅಂಗಡಿಯವರಿಗೆ ಇದು ಬೇಗ ತಿಳೀತದೆ. ಸಕ್ಕರೆ ಕಡಿಮೆ ಆಯ್ತು ಅಂತ ಆರ್ಡರ್ ಹಾಕ್ತೀರಿ. ಲಾರಿ ತಡವಾಗಿ ಬರ್ತದೆ. ಅಷ್ಟರಲ್ಲಿ ನೀವು ಇನ್ನೆರಡು ಸಲ ಆರ್ಡರ್ ಹಾಕಿರ್ತೀರಿ. ಒಮ್ಮೆಲೇ ಗೋದಾಮು ತುಂಬಿ ಆರ್ಡರ್ ನಿಲ್ಲಿಸ್ತೀರಿ. ಮಾಲು ಖಾಲಿ ಆಗ್ತಾ ಬಂದಾಗ ಮತ್ತೆ ಶುರು. ಯಾರೂ ಬೇಕಂತ ಮಾಡದಿದ್ದರೂ ಗೋದಾಮು ಒಮ್ಮೆ ತುಂಬೋದು, ಒಮ್ಮೆ ಖಾಲಿಯಾಗೋದು ಅಂತ ಒಂದು ಲಯ ಹುಟ್ಟಿಕೊಳ್ತದೆ. ಅದಕ್ಕೆ ಕಾರಣ ನಡುವಿನ ತಡ. ಹಣ್ಣಿನ ನೊಣದ ಕೋಶದಲ್ಲಿ ಪಿಇಆರ್ ಎಂಬ ಪ್ರೋಟೀನ್ ಹೀಗೇ ನಡೆದುಕೊಳ್ತದೆ. ಸಾಕಷ್ಟು ತಯಾರಾದ ಮೇಲೆ ತನ್ನನ್ನು ತಯಾರಿಸುವ ಜೀನ್‌ನ ಬಾಗಿಲು ತಾನೇ ಮುಚ್ಚುತ್ತದೆ. ತಾನು ಕರಗಿದ ಮೇಲೆ ಬಾಗಿಲು ಮತ್ತೆ ತೆರೆಯುತ್ತದೆ. ಈ ಯಂತ್ರವನ್ನು ಬಿಡಿಸಿ ತೋರಿಸಿದ್ದಕ್ಕೆ ಜೆಫ್ರಿ ಹಾಲ್, ಮೈಕೆಲ್ ರಾಸ್‌ಬ್ಯಾಶ್, ಮೈಕೆಲ್ ಯಂಗ್ ಅವರಿಗೆ 2017ರ ನೊಬೆಲ್ ಬಂತು. ಮನುಷ್ಯರಲ್ಲೂ ಅದೇ ಮನೆತನದ ಜೀನ್‌ಗಳಿವೆ.

ಇದನ್ನು ಕಂಪ್ಯೂಟರ್‌ನಲ್ಲಿ ಮಾಡೋದು ಹೇಗೆ? ನಿಮ್ಮ ಖಾತೆ ವಹಿಯಂತೆಯೇ. ನಿನ್ನೆಯ ಬಾಕಿ, ಅದಕ್ಕೆ ಇವತ್ತು ಬಂದದ್ದು ಕೂಡಿಸಿ, ಹೋದದ್ದು ಕಳೆದು, ಉಳಿದದ್ದು ನಾಳೆಯ ಆರಂಭದ ಬಾಕಿ. ಕೋಶದ ಖಾತೆಯಲ್ಲಿ ದಿನಕ್ಕೊಮ್ಮೆ ಬದಲು ನಿಮಿಷಕ್ಕೊಮ್ಮೆ, ಅದಕ್ಕಿಂತ ಸಣ್ಣ ಹೆಜ್ಜೆಗೊಮ್ಮೆ ಈ ಲೆಕ್ಕ ಬರೆಯಬೇಕು. ಬೆಲ್ಜಿಯಂನ ಆಲ್ಬರ್ಟ್ ಗೋಲ್ಡ್‌ಬೆಟರ್ 1995ರಲ್ಲಿ ನೊಣದ ಗಡಿಯಾರಕ್ಕೆ ಇಂಥ ಐದು ಸಮೀಕರಣ, ಅಂದ್ರೆ ಐದು ಖಾತೆ ಬರೆದರು. ಐದು ಖಾತೆಯಲ್ಲೇ ದಿನಕ್ಕೊಂದು ಸುತ್ತಿನ ಲಯ ಮೂಡಿತು. ಮಾಡೆಲ್ ಅನ್ನೋದು ಇಷ್ಟೇ. ಭವಿಷ್ಯ ಹೇಳುವ ಯಂತ್ರ ಅಲ್ಲ. ನಿಯಮ ನಾವು ಕೊಡಬೇಕು, ಆ ನಿಯಮ ನಿಜವಾದ್ರೆ ಮುಂದೆ ಏನಾಗಬೇಕು ಅಂತ ಅದು ಹೇಳ್ತದೆ. ನಿಜವಾದ ಕೋಶದಲ್ಲಿ ಹಾಗೆ ಆಗದಿದ್ದರೆ ನಿಯಮ ತಪ್ಪು ಅಂತ ಗೊತ್ತಾಗ್ತದೆ. ಅದೂ ಲಾಭವೇ.

ಜಕ್ಕೂರಿನ ನೊಣಗಳು ಮತ್ತು ಗೇಟ್

ಈಗ ಗೇಟಿನ ಮಾತು. ಭಾರತದಲ್ಲಿ ಈ ವಿದ್ಯೆಗೆ ಬುನಾದಿ ಹಾಕಿದವರಲ್ಲಿ ಎಂ.ಕೆ. ಚಂದ್ರಶೇಖರನ್ ಮೊದಲಿಗರು. ಮಧುರೈ ಹತ್ತಿರದ ಗುಹೆಯ ಬಾವಲಿಗಳ ಮೇಲೆ ಅವರು ಮಾಡಿದ ಕೆಲಸ ಹೆಸರುವಾಸಿ. ಆಮೇಲೆ ಅವರು ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರಕ್ಕೆ ಬಂದರು. ಅಲ್ಲೇ ವಿಜಯ್ ಕುಮಾರ್ ಶರ್ಮಾ ಅವರ ತಂಡ ಹಣ್ಣಿನ ನೊಣಗಳ ಮೇಲೆ ವರ್ಷಗಟ್ಟಲೆ ಒಂದು ಪ್ರಯೋಗ ನಡೆಸಿತು.

ನೊಣದ ಮರಿ ಗೂಡಿನಿಂದ ರೆಕ್ಕೆ ಬಿಚ್ಚಿ ಹೊರಬರುವುದು ಸಾಮಾನ್ಯವಾಗಿ ನಸುಕಿನ ಆಸುಪಾಸು. ಬಾಗಿಲು ಮುಚ್ಚಿದ ಮೇಲೆ ಮೈ ತಯಾರಾದರೆ ಅದು ಕೂಡಲೇ ಬರೋದಿಲ್ಲ, ಮರುದಿನ ನಸುಕಿನ ತನಕ ಕಾಯ್ತದೆ. ಈ ತಂಡ ಪ್ರತಿ ತಲೆಮಾರಿನಲ್ಲೂ ಬೇಗ ಹೊರಬಂದ ನೊಣಗಳನ್ನು ಒಂದು ಕಡೆ, ತಡವಾಗಿ ಹೊರಬಂದವನ್ನು ಇನ್ನೊಂದು ಕಡೆ ಆರಿಸಿ ಬೆಳೆಸುತ್ತಾ ಹೋಯಿತು. ನಮ್ಮ ರೈತರು ಬೀಜ ಆರಿಸಿದ ಹಾಗೆ. ಕೊನೆಗೆ 'ಮುಂಜಾನೆ ನೊಣ', 'ಸಂಜೆ ನೊಣ' ಅಂತ ಎರಡು ಗುಂಪೇ ಆಯ್ತು. ಬೇಗ ಬರುವ ಗುಂಪಿನ ಒಳಗಿನ ಗಡಿಯಾರದ ಸುತ್ತು ಸ್ವಲ್ಪ ಗಿಡ್ಡ, ತಡವಾಗಿ ಬರುವವುಗಳದ್ದು ಸ್ವಲ್ಪ ಉದ್ದ. ಗೇಟು ಯಾವಾಗ ತೆರೆಯಬೇಕು ಅನ್ನೋದು ರಕ್ತದಲ್ಲೇ ಬರ್ತದೆ ಅನ್ನೋದಕ್ಕೆ ಇದಕ್ಕಿಂತ ಪುರಾವೆ ಬೇಕೇ?

ವಿಜ್ಞಾನಿಗಳು ಇದಕ್ಕೆ ಬಳಸುವ ಪದವೂ ಗೇಟ್ ಅಂತಲೇ. ವಾಡಿ ಜಂಕ್ಷನ್ ಸುತ್ತ ಓಡಾಡುವವರಿಗೆ ಇದರ ಅರ್ಥ ಬೇರೆ ಹೇಳಬೇಕಿಲ್ಲ. (ಚಿಂಚೋಳಿಯವರು ಕ್ಷಮಿಸಬೇಕು, ನಿಮ್ಮೂರಿಗೆ ರೈಲೂ ಇಲ್ಲ, ಗೇಟೂ ಇಲ್ಲ.) ಗೇಟು ನಿಮ್ಮ ಗಾಡಿಯನ್ನು ತಳ್ಳೋದಿಲ್ಲ, ಎಳೆಯೋದೂ ಇಲ್ಲ. ಗಾಡಿ ತನ್ನ ಹೊತ್ತಿಗೆ ಬರ್ತದೆ. ಗೇಟು ತೆರೆದಿದ್ದರೆ ದಾಟ್ತದೆ, ಹಾಕಿದ್ದರೆ ನಿಲ್ತದೆ. ಆದ್ರೆ ಗೇಟು ಎತ್ತಿದ ಕೂಡಲೇ ಏನಾಗ್ತದೆ ನೋಡಿದ್ದೀರಲ್ಲ? ಬೇರೆ ಬೇರೆ ಹೊತ್ತಿಗೆ ಮನೆ ಬಿಟ್ಟವರು ಎಲ್ಲರೂ ಒಟ್ಟಿಗೇ ದಾಟ್ತಾರೆ.

ಪೆನ್ಸಿಲ್ ತಗೊಳ್ರಿ

ಒಂದು ಕೋಶ ಹುಟ್ಟಿ, ಬೆಳೆದು, ತನ್ನ ಡಿಎನ್‌ಎ ನಕಲು ಮಾಡಿಕೊಂಡು, ಒಡೆಯೋಕೆ ತಯಾರಾಗಲು 20 ಗಂಟೆ ಬೇಕು ಅಂತ ಇಟ್ಟುಕೊಳ್ಳೋಣ. ಗಡಿಯಾರದ ಗೇಟು ನಡುರಾತ್ರಿ 12ರಿಂದ ಬೆಳಿಗ್ಗೆ 8ರವರೆಗೆ ಹಾಕಿರ್ತದೆ. ಈ ಅಂಕಿಗಳು ಉದಾಹರಣೆಗೆ ಮಾತ್ರ, ನಿಯಮ ಮಾತ್ರ ನಿಜವಾದದ್ದು.

ಮೊದಲ ಕೋಶ ಸೋಮವಾರ ಬೆಳಿಗ್ಗೆ 8ಕ್ಕೆ ಹುಟ್ಟಿತು. 20 ಗಂಟೆ ಕಳೆದರೆ ಮಂಗಳವಾರ ನಸುಕಿನ 4. ಗೇಟು ಹಾಕಿದೆ. 8ರವರೆಗೆ ಕಾಯ್ತದೆ, 8ಕ್ಕೆ ಒಡೀತದೆ. ಮುಂದೆ ದಿನಾಲೂ ಅಷ್ಟೇ, ಬೆಳಿಗ್ಗೆ 8.

ಎರಡನೇ ಕೋಶ ಸೋಮವಾರ ಮಧ್ಯಾಹ್ನ 3ಕ್ಕೆ ಹುಟ್ಟಿತು. ಮಂಗಳವಾರ ಬೆಳಿಗ್ಗೆ 11ಕ್ಕೆ ತಯಾರು, ಗೇಟು ತೆರೆದಿದೆ, ಒಡೆಯಿತು. ಅದರ ಮರಿ ಬುಧವಾರ ಬೆಳಿಗ್ಗೆ 7ಕ್ಕೆ ತಯಾರು. ಒಂದು ಗಂಟೆ ಕಾದು 8ಕ್ಕೆ ಒಡೆಯಿತು. ಇದೂ 8ಕ್ಕೆ ಬಂತು.

ಮೂರನೇ ಕೋಶ ಸೋಮವಾರ ರಾತ್ರಿ 10ಕ್ಕೆ. ಅದರ ವಂಶ ಮಂಗಳವಾರ ಸಂಜೆ 6, ಬುಧವಾರ ಮಧ್ಯಾಹ್ನ 2, ಗುರುವಾರ ಬೆಳಿಗ್ಗೆ 10 ಅಂತ ಒಡೆಯುತ್ತಾ ಹೋಗಿ ಶುಕ್ರವಾರ ಬೆಳಿಗ್ಗೆ 6ಕ್ಕೆ ಗೇಟಿನ ಮುಂದೆ ಬಂದು ನಿಂತಿತು. 8ಕ್ಕೆ ದಾಟಿತು.

ಯಾರೂ ಯಾರಿಗೂ ಹೇಳಿಲ್ಲ. ಆದ್ರೂ ಶುಕ್ರವಾರದ ಹೊತ್ತಿಗೆ ಮೂರೂ ಒಂದೇ ಹೊತ್ತಿಗೆ ಒಡೆಯುತ್ತಿವೆ. 20 ಗಂಟೆಯ ಕೋಶಕ್ಕೆ 24 ಗಂಟೆಯ ಶಿಸ್ತು ಬಂತು.

ಈಗ ಬೆಳವಣಿಗೆ ಚುರುಕಾಗಿ 10 ಗಂಟೆಗೇ ತಯಾರಾಗುವ ಕೋಶ ತಗೊಳ್ಳಿ. ಬೆಳಿಗ್ಗೆ 8, ಸಂಜೆ 6, ಆಮೇಲೆ ನಸುಕಿನ 4ಕ್ಕೆ ತಯಾರಾದರೂ ಗೇಟು ಹಾಕಿರೋದ್ರಿಂದ ಮತ್ತೆ ಬೆಳಿಗ್ಗೆ 8. ದಿನಕ್ಕೆ ಸರಿಯಾಗಿ ಎರಡು ಸಲ, ಎರಡು ಗೊತ್ತಾದ ಹೊತ್ತು. ಇನ್ನು ನಿಧಾನದ, 30 ಗಂಟೆಯ ಕೋಶ: ಸೋಮವಾರ ಬೆಳಿಗ್ಗೆ 8, ಮಂಗಳವಾರ ಮಧ್ಯಾಹ್ನ 2, ಬುಧವಾರ ರಾತ್ರಿ 8, ಶುಕ್ರವಾರ ನಡುರಾತ್ರಿ ಕಳೆದು 2ಕ್ಕೆ ತಯಾರು, ಕಾದು ಬೆಳಿಗ್ಗೆ 8. ನಾಲ್ಕು ದಿನಕ್ಕೆ ಸರಿಯಾಗಿ ಮೂರು ಸಲ. ಹೀಗಾಗಿ ಕೋಶಗಳ ಆಯುಸ್ಸು ಬೇಕಾದ ಹಾಗೆ ಇರೋದಿಲ್ಲ, ಕೆಲವೇ ಅಳತೆಗಳಲ್ಲಿ ಗುಂಪಾಗ್ತದೆ, ಚಪ್ಪಲಿ ಅಂಗಡಿಯ ನಂಬರಿನ ಹಾಗೆ. 2007ರಲ್ಲಿ ಯೂಡಿಟ್ ಜಾಂಬೋರ್ಸ್ಕಿ, ಆಟಿಲಾ ಚಿಕಾಸ್-ನಾಗಿ ಮತ್ತವರ ಜೊತೆಗಾರರು ಸಸ್ತನಿಗಳ ಕೋಶಕ್ಕೆ ಬರೆದ ಮಾಡೆಲ್‌ನಲ್ಲಿ ಕಂಡದ್ದು ಇದೇ ಬಗೆಯ ಗುಂಪು. ಅವರ ಲೆಕ್ಕ ನಮ್ಮದಕ್ಕಿಂತ ನೂರು ಪಟ್ಟು ಸೂಕ್ಷ್ಮ ಅನ್ನೋದು ಬೇರೆ ಮಾತು.

ನಿಜವಾದ ಕೋಶದಲ್ಲಿ ಹಾಗೇ ಆಗ್ತದಾ?

ನೀರಿನಲ್ಲಿ ಬೆಳೆಯುವ ನೀಲಿ-ಹಸಿರು ಬ್ಯಾಕ್ಟೀರಿಯಾದಲ್ಲಿ ಆಗ್ತದೆ. 2010ರಲ್ಲಿ ಅಮೆರಿಕದ ಒಂದು ತಂಡ ಒಂದೊಂದೇ ಬ್ಯಾಕ್ಟೀರಿಯಾವನ್ನು ಸೂಕ್ಷ್ಮದರ್ಶಕದ ಕೆಳಗೆ ದಿನಗಟ್ಟಲೆ ನೋಡಿತು. ಬೆಳಕು ಕಡಿಮೆ ಇಟ್ಟಾಗ ಬೆಳವಣಿಗೆ ನಿಧಾನ, ಆಗ ವಿಭಜನೆ ಗಡಿಯಾರದ ಒಂದು ಹೊತ್ತಿನಲ್ಲಿ ಗುಂಪಾಗಿತ್ತು. ಬೆಳಕು ಹೆಚ್ಚಿಸಿದಾಗ ಬೆಳವಣಿಗೆ ಚುರುಕು, ಗುಂಪು ಎರಡಾಯಿತು. ಮೇಲಿನ ನಮ್ಮ 20 ಗಂಟೆ, 10 ಗಂಟೆಯ ಲೆಕ್ಕದಂತೆಯೇ. ತಂಡದವರು ಮಾಡೆಲ್ ಹಿಡಿದು ಲೆಕ್ಕ ಹಾಕಿದಾಗ ಗೇಟು ದಿನದಲ್ಲಿ ಯಾವ ಹೊತ್ತಿಗೆ ಹಾಕಿರ್ತದೆ ಅನ್ನೋದೂ ಸಿಕ್ಕಿತು.

ಇಲಿಯ ಯಕೃತ್ತಿನ ಪ್ರಯೋಗ ಇನ್ನೂ ಚೆನ್ನಾಗಿದೆ. ಯಕೃತ್ತಿನ ಒಂದು ಭಾಗ ಕತ್ತರಿಸಿದರೆ ಉಳಿದದ್ದು ಮತ್ತೆ ಬೆಳೀತದೆ. ಜಪಾನಿನ ವಿಜ್ಞಾನಿಗಳು 2003ರಲ್ಲಿ ಕೆಲವು ಇಲಿಗಳಿಗೆ ಬೆಳಿಗ್ಗೆ, ಕೆಲವಕ್ಕೆ ಅದಕ್ಕಿಂತ 8 ಗಂಟೆ ತಡವಾಗಿ ಶಸ್ತ್ರಚಿಕಿತ್ಸೆ ಮಾಡಿದರು. ಡಿಎನ್‌ಎ ನಕಲು ಮಾಡುವ ಕೆಲಸ ಎರಡೂ ಗುಂಪಿನಲ್ಲಿ ಶಸ್ತ್ರಚಿಕಿತ್ಸೆ ಆದ ಅಷ್ಟೇ ಗಂಟೆಗಳ ನಂತರ ನಡೆಯಿತು. ಆದ್ರೆ ಕೋಶ ಒಡೆಯುವುದು ಮಾತ್ರ ಎರಡರಲ್ಲೂ ದಿನದ ಒಂದೇ ಹೊತ್ತಿಗೆ! ಮೊದಲ ಗುಂಪು 8 ಗಂಟೆ ಹೆಚ್ಚು ಕಾದಿತ್ತು. ತಡೆದದ್ದು ವೀ1 ಎಂಬ ಪ್ರೋಟೀನ್. ಇದು ಕೋಶ ವಿಭಜನೆಗೆ ಹ್ಯಾಂಡ್‌ಬ್ರೇಕ್ ಇದ್ದ ಹಾಗೆ. ಆ ಬ್ರೇಕ್ ಎಳೆಯುವ ಕೈ ಗಡಿಯಾರದ್ದು.

ಮನುಷ್ಯರಲ್ಲೂ ಸುಳಿವಿದೆ. 1999ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಆರೋಗ್ಯವಂತ ಗಂಡಸರ ಬಾಯಿಯ ಒಳಚರ್ಮದಿಂದ ಹಗಲು ರಾತ್ರಿ ಬೇರೆ ಬೇರೆ ಹೊತ್ತಿಗೆ ಚೂರು ತೆಗೆದು ನೋಡಿದರು. ಡಿಎನ್‌ಎ ನಕಲಿಗೆ ಬೇಕಾದ ಪ್ರೋಟೀನ್‌ಗಳು ಮಧ್ಯಾಹ್ನದ ಹೊತ್ತಿಗೆ ಹೆಚ್ಚು. ಒಡೆಯುವುದಕ್ಕೆ ತಯಾರಿ ಮಾಡುವ ಸೈಕ್ಲಿನ್ ಬಿ1 ಎಂಬ ಪ್ರೋಟೀನ್ ರಾತ್ರಿ ಸುಮಾರು 9ಕ್ಕೆ ಹೆಚ್ಚು. ಬಾಯಲ್ಲಿ ಗುಟ್ಕಾ ಇಟ್ಟುಕೊಂಡು ಇದನ್ನು ಓದ್ತಿರುವವರಿಗೆ ಒಂದು ಮಾತು. ಆ ಚರ್ಮ ದಿನಾಲೂ ತನ್ನನ್ನು ತಾನು ರಿಪೇರಿ ಮಾಡಿಕೊಳ್ಳುವ ಟೈಮ್ ಟೇಬಲ್ ಇಟ್ಟುಕೊಂಡಿದೆ, ಅದರ ಮೇಲೆ ನೀವು ಏನು ಇಡ್ತಿದ್ದೀರಿ ನೋಡಿಕೊಳ್ರಿ.

ಬೆಂಗಳೂರಿನ ಈಸ್ಟ್ ಲೆಕ್ಕ

ಗಡಿಯಾರ ಅಂದ್ರೆ 24 ಗಂಟೆಯದ್ದೇ ಆಗಬೇಕಂತಿಲ್ಲ. ಬ್ರೆಡ್ಡಿಗೆ ಹಾಕುವ ಈಸ್ಟ್ ಇದೆಯಲ್ಲ, ಅದಕ್ಕೆ ಸಕ್ಕರೆಯನ್ನು ಹನಿಹನಿಯಾಗಿ ಮಾತ್ರ ಕೊಟ್ಟು ಬೆಳೆಸಿದರೆ ಇಡೀ ಪಾತ್ರೆಯ ಕೋಶಗಳು ಸುಮಾರು 4ರಿಂದ 5 ಗಂಟೆಗೊಮ್ಮೆ ಒಟ್ಟಿಗೆ ಉಸಿರಾಟ ಏರಿಸೋದು, ಇಳಿಸೋದು ಶುರು ಮಾಡ್ತವೆ. ಪ್ರತಿ ಸುತ್ತಿನಲ್ಲಿ ಒಂದು ಪಾಲು ಕೋಶಗಳು ಮಾತ್ರ, ಅದೂ ಒಂದು ಗೊತ್ತಾದ ಹಂತದಲ್ಲಿ ಮಾತ್ರ ಒಡೀತವೆ. ಉಳಿದವು ಸುಮ್ಮನೆ ಕೂತಿರ್ತವೆ.

ಯಾಕೆ ಹೀಗೆ? ಬೆಂಗಳೂರಿನ ಜಿಕೆವಿಕೆ ಆವರಣದಲ್ಲಿ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ ಮತ್ತು ಇನ್‌ಸ್ಟೆಮ್ ಎಂಬ ಎರಡು ಸಂಸ್ಥೆ ಒಂದೇ ಕಾಂಪೌಂಡಿನಲ್ಲಿವೆ. ಮೊದಲನೆಯದರ ಸಂದೀಪ್ ಕೃಷ್ಣ ಲೆಕ್ಕದ ಮನುಷ್ಯ. ಎರಡನೆಯದರ ಸುನಿಲ್ ಲಕ್ಷ್ಮಣ್ ಕೋಶದ ರಸಾಯನ ಬಲ್ಲವರು. ಇಬ್ಬರೂ ಸೇರಿ 2018ರಲ್ಲಿ ಇದಕ್ಕೊಂದು ಪುಟ್ಟ ಮಾಡೆಲ್ ಪ್ರಕಟಿಸಿದರು. ಜೀನ್‌ಗಳ ದೊಡ್ಡ ಪಟ್ಟಿ ಹಾಕಲಿಲ್ಲ. ಕೋಶಕ್ಕೆ ಎರಡೇ ಸ್ಥಿತಿ, ಸುಮ್ಮನೆ ಕೂರೋದು ಮತ್ತು ಬೆಳೆದು ಒಡೆಯೋದು. ಜೊತೆಗೆ ಒಂದೇ ಒಂದು ಸರಕು. ಅಷ್ಟೇ.

ಮನೆ ಮೇಲಿನ ನೀರಿನ ಟ್ಯಾಂಕಿಗೆ ಆಟೋಮ್ಯಾಟಿಕ್ ಸ್ಟಾರ್ಟರ್ ಹಾಕಿಸಿದವರಿಗೆ ಇದು ಗೊತ್ತು. ನೀರು ಕೆಳಗಿನ ಗೆರೆ ಮುಟ್ಟಿದಾಗ ಮೋಟರ್ ಶುರು, ಮೇಲಿನ ಗೆರೆ ಮುಟ್ಟಿದಾಗ ಬಂದ್. ಎರಡು ಗೆರೆ ಯಾಕೆ? ಒಂದೇ ಗೆರೆ ಇದ್ದರೆ ಮೋಟರ್ ಕ್ಷಣಕ್ಕೊಮ್ಮೆ ಆನ್ ಆಫ್ ಆಗಿ ಸುಟ್ಟೇ ಹೋಗ್ತದೆ. ಈಸ್ಟ್‌ನಲ್ಲೂ ಹಾಗೇ. ಕೋಶಗಳು ಸುಮ್ಮನೆ ಕೂತಾಗ ಆ ಸರಕು ಸೇರುತ್ತಾ ಹೋಗ್ತದೆ. ಮೇಲಿನ ಗೆರೆ ದಾಟಿದ ಮೇಲೆ ಕೋಶಗಳು ಬೆಳೆಯುವ ಸ್ಥಿತಿಗೆ ಜಿಗೀತವೆ. ಬೆಳೆದಂತೆ ಸರಕು ಖರ್ಚಾಗಿ ಕೆಳಗಿನ ಗೆರೆಗೆ ಬಂದಾಗ ಮತ್ತೆ ಸುಮ್ಮನಾಗ್ತವೆ. ಒಂದು ಷರತ್ತೂ ಇದೆ, ಕೋಶಗಳು ಒಂದರ ಸ್ಥಿತಿ ಇನ್ನೊಂದಕ್ಕೆ ತಾಗುವಂತೆ ಇರಬೇಕು, ಇಲ್ಲದಿದ್ರೆ ಇಡೀ ಪಾತ್ರೆ ಒಂದೇ ಲಯಕ್ಕೆ ಬರೋದಿಲ್ಲ. ಆ ಸರಕು ಯಾವುದಿರಬಹುದು? ಮಾಡೆಲ್ ಹೇಳುವ ಲಕ್ಷಣಕ್ಕೆ ಹೊಂದುವ ಮುಖ್ಯ ಅಭ್ಯರ್ಥಿಯಾಗಿ ಅವರು ತೋರಿಸಿದ್ದು ಅಸಿಟೈಲ್ ಕೋಎ ಎಂಬ ವಸ್ತುವನ್ನು. ನಾವು ತಿಂದ ರೊಟ್ಟಿಯ ಪಿಷ್ಟ, ಎಣ್ಣೆಯ ಕೊಬ್ಬು ಎರಡೂ ಕೋಶದೊಳಗೆ ಕರಗುವಾಗ ಬರುವ ವಸ್ತು ಅದು. ಊಟಕ್ಕೂ ಕೋಶ ಒಡೆಯುವುದಕ್ಕೂ ನೇರ ಸಂಬಂಧ ಇದೆ ಅನ್ನೋದು ಇಲ್ಲಿನ ದೊಡ್ಡ ಮಾತು. ಮುಂದೆ ಪಾಳಿಯ ವಿಷಯಕ್ಕೆ ಇದು ಬೇಕಾಗ್ತದೆ.

ಎಲ್ಲಾ ಕಡೆ ಗಡಿಯಾರವೇ ಯಜಮಾನ ಅಂತಲೂ ತಿಳಿಯಬೇಡಿ. 2014ರಲ್ಲಿ ಸ್ವಿಟ್ಜರ್ಲೆಂಡಿನ ಒಂದು ತಂಡ ಗಾಜಿನ ತಟ್ಟೆಯಲ್ಲಿ ಬೆಳೆಸಿದ ಇಲಿಯ ಕೋಶಗಳನ್ನು ಒಂದೊಂದಾಗಿ ನೋಡಿದಾಗ ಲೆಕ್ಕ ಉಲ್ಟಾ ಬಂತು. ಅಲ್ಲಿ ಕೋಶ ಒಡೆಯುವುದೇ ಗಡಿಯಾರವನ್ನು ಎಳೆದಾಡುತ್ತಿತ್ತು. ಎರಡು ಎತ್ತಿನ ಬಂಡಿಯಲ್ಲಿ ಯಾವ ಎತ್ತು ಎಳೀತದೆ ಅನ್ನೋದು ಎತ್ತಿನ ಮೇಲೂ ದಾರಿಯ ಮೇಲೂ ಇರೋ ಹಾಗೆ, ಯಾವ ಕೋಶ, ಎಲ್ಲಿ ಬೆಳೀತಿದೆ ಅನ್ನೋದರ ಮೇಲೆ ಉತ್ತರ ಬದಲಾಗ್ತದೆ. ಈ ಜಗಳ ಇನ್ನೂ ಮುಗಿದಿಲ್ಲ.

ಪಾಳಿ ಬದಲಾದ ಸೋಮವಾರ

ಮತ್ತೆ ನೋಟ್‌ಬುಕ್. ನಮ್ಮ 20 ಗಂಟೆಯ ಕೋಶ ದಿನಾಲೂ ಬೆಳಿಗ್ಗೆ 8ಕ್ಕೆ ಒಡೆಯುತ್ತಾ ಆರಾಮ ಇದೆ. ಭಾನುವಾರ ಬೆಳಿಗ್ಗೆ 8ಕ್ಕೂ ಒಡೆಯಿತು. ಅವತ್ತು ನಡುರಾತ್ರಿ ಕಳೆದು ಸೋಮವಾರ ಆದ ಕೂಡಲೇ ಪಾಳಿ ಬದಲು, ಗೇಟು 8 ಗಂಟೆ ಮುಂದಕ್ಕೆ ಹೋಯ್ತು. ಈಗ ಹಾಕಿರೋದು ಬೆಳಿಗ್ಗೆ 8ರಿಂದ ಸಂಜೆ 4ರವರೆಗೆ.

ಕೋಶ ಸೋಮವಾರ ನಸುಕಿನ 4ಕ್ಕೆ ತಯಾರು. ತಡೆಯೋಕೆ ಗೇಟಿಲ್ಲ, ಒಡೆಯಿತು. ಮುಂದಿನದು ಸೋಮವಾರ ನಡುರಾತ್ರಿ 12ಕ್ಕೆ. ಅದರ ಮುಂದಿನದು ಮಂಗಳವಾರ ರಾತ್ರಿ 8ಕ್ಕೆ. ಆಮೇಲೆ ಬುಧವಾರ ಸಂಜೆ 4ಕ್ಕೆ. ಗುರುವಾರ ಮಧ್ಯಾಹ್ನ 12ಕ್ಕೆ ತಯಾರಾದಾಗ ಮೊದಲ ಸಲ ಹೊಸ ಗೇಟು ಅಡ್ಡ ಬಂತು. ಸಂಜೆ 4ರವರೆಗೆ ಕಾಯಿತು. ಅಂದ್ರೆ ಹೊಸ ಶಿಸ್ತು ಕೂಡಿಬರಲು ಬುಧವಾರ ಸಂಜೆ ಆಯ್ತು. ಅಲ್ಲಿವರೆಗೆ ಯಾವ ಹೊತ್ತಿಗೆ ಬೇಕಾದರೂ ವಿಭಜನೆ, ಕಾಯುವ ಬಿಡುವೇ ಇಲ್ಲ. ಶನಿವಾರ, ಭಾನುವಾರ ಸರಿ ಇರ್ತದೆ. ಸೋಮವಾರ ಮತ್ತೆ ಪಾಳಿ ಬದಲು.

ಇದು ಕಾಗದದ ಮೇಲಿನ ಕೋಶ. ನಿಜವಾದ ಮೈಯಲ್ಲಿ ಕಥೆ ಇನ್ನೂ ಗೋಜಲು, ಯಾಕಂದ್ರೆ ಗೇಟು ಒಂದೇ ರಾತ್ರಿಯಲ್ಲಿ 8 ಗಂಟೆ ಸರಿಯೋದಿಲ್ಲ. ಮಿದುಳಿನ ಗಡಿಯಾರ ದಿನಕ್ಕೆ ಹೆಚ್ಚುಕಡಿಮೆ ಒಂದು ಗಂಟೆಯಷ್ಟು ಸರೀತದೆ ಅನ್ನೋದು ಸಾಮಾನ್ಯ ಲೆಕ್ಕ. ಅದೂ ಬೆಳಕಿನ ಮಾತು ಕೇಳಿ. ನೈಟ್ ಪಾಳಿ ಮುಗಿಸಿ ಮುಂಜಾನೆ ಬಿಸಿಲಲ್ಲಿ ಬೈಕ್ ಹೊಡೆದುಕೊಂಡು ಬಂದರೆ ಅದಕ್ಕೆ ಸಿಗುವ ಸಂದೇಶ 'ಈಗ ಬೆಳಗಾಯ್ತು' ಅಂತ. ಯಕೃತ್ತು ಮಾತ್ರ ಊಟದ ಮಾತನ್ನೂ ಕೇಳ್ತದೆ. ಇಲಿಗಳಿಗೆ ಅವು ಮಲಗುವ ಹೊತ್ತಿನಲ್ಲಿ ಮಾತ್ರ ಊಟ ಕೊಟ್ಟರೆ ಅವುಗಳ ಯಕೃತ್ತಿನ ಗಡಿಯಾರ ತಿರುಗಿ ಕೂರ್ತದೆ, ಮಿದುಳಿನದ್ದು ತನ್ನ ಪಾಡಿಗೆ ಹಳೇ ಹೊತ್ತಲ್ಲೇ ಇರ್ತದೆ. ಮನುಷ್ಯರ ಮೇಲೆ 2017ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಪ್ರಯೋಗದಲ್ಲಿ ಊಟವನ್ನು 5 ಗಂಟೆ ತಡ ಮಾಡಿದಾಗ ರಕ್ತದ ಸಕ್ಕರೆಯ ಏರಿಳಿತ 5 ಗಂಟೆಗೂ ಹೆಚ್ಚು ಹಿಂದೆ ಬಿತ್ತು, ಕೊಬ್ಬಿನ ಕೋಶದ ಗಡಿಯಾರ ಸುಮಾರು ಒಂದು ಗಂಟೆ ಸರಿಯಿತು, ಮಿದುಳಿನದ್ದು ಅಲುಗಲಿಲ್ಲ. ಒಂದೇ ಮೈಯಲ್ಲಿ ಮೂರು ಊರಿನ ಟೈಮು.

ಹಾಗಾಗಿ "ರೂಢಿ ಆಗ್ತದ" ಅನ್ನೋ ಮಾತು ಅರ್ಧ ಮಾತ್ರ ನಿಜ. ಒಂದೇ ಪಾಳಿಯಲ್ಲಿ ತುಂಬಾ ದಿನ ಇದ್ದರೆ ಸ್ವಲ್ಪ ಮಟ್ಟಿಗೆ ಆಗಬಹುದು. ವಾರಕ್ಕೊಮ್ಮೆ ತಿರುಗುವ ಪಾಳಿಯಲ್ಲಿ ಮೈಗೆ ಆ ಅವಕಾಶವೇ ಸಿಗೋದಿಲ್ಲ ಅಂತ ಲೆಕ್ಕ ಹೇಳ್ತದೆ.

ಹೊತ್ತು ತಪ್ಪಿ ಕೋಶ ಒಡೆದರೆ ಏನು ನಷ್ಟ? ನಕಲು ಮಾಡುವಾಗ ಡಿಎನ್‌ಎಗೆ ಪೆಟ್ಟು ಬಿದ್ದಿದ್ದರೆ ರಿಪೇರಿ ಆಗೋ ಮೊದಲೇ ತಪ್ಪು ಮುಂದಿನ ಕೋಶಕ್ಕೆ ದಾಟಬಹುದು. 2011ರಲ್ಲಿ ಅಜೀಜ್ ಸಂಜಾರ್ ಅವರ ತಂಡ ಇಲಿಗಳ ಚರ್ಮಕ್ಕೆ ಅತಿನೇರಳೆ ಕಿರಣ ಬಿಟ್ಟಿತು, ಒಂದು ಗುಂಪಿಗೆ ನಸುಕಿನ 4ಕ್ಕೆ, ಇನ್ನೊಂದಕ್ಕೆ ಸಂಜೆ 4ಕ್ಕೆ. ಕಿರಣ ಅಷ್ಟೇ, ಹೊತ್ತು ಮಾತ್ರ ಬೇರೆ. ನಸುಕಿನ ಗುಂಪಿಗೆ ಚರ್ಮದ ಗಡ್ಡೆ ಸುಮಾರು ಐದು ಪಟ್ಟು ಹೆಚ್ಚು ಆಯಿತು. ಇಲಿಯಲ್ಲಿ ಆ ಹೊತ್ತಿಗೆ ಡಿಎನ್‌ಎ ರಿಪೇರಿ ಕಡಿಮೆ, ನಕಲು ಹೆಚ್ಚು. ಇಲಿ ರಾತ್ರಿ ಓಡಾಡುವ ಪ್ರಾಣಿ, ನಾವು ಹಗಲಿನವರು, ಆದ್ದರಿಂದ ಆ ಗಂಟೆಗಳನ್ನು ಹಾಗೇ ನಮಗೆ ಹೊಂದಿಸೋಕೆ ಆಗಲ್ಲ. ಫರ್ಸಿ ಖಣಿಯಲ್ಲಿ ಬಿಸಿಲಿಗೆ ಬೆನ್ನು ಕೊಟ್ಟು ದುಡಿಯುವವರಿಗೆ ಯಾವ ಹೊತ್ತು ಹೆಚ್ಚು ಕೆಟ್ಟದ್ದು ಅಂತ ಈ ಪ್ರಯೋಗದಿಂದ ಹೇಳಲಾಗದು.

ಹೆದರಬೇಕಾ?

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2007ರಲ್ಲಿ, ಮತ್ತೆ 2019ರಲ್ಲಿ ರಾತ್ರಿ ಪಾಳಿಯನ್ನು 'ಬಹುಶಃ ಕ್ಯಾನ್ಸರ್‌ಕಾರಕ' ಎಂಬ 2ಎ ಪಟ್ಟಿಗೆ ಹಾಕಿದೆ. ವಾಟ್ಸಾಪ್‌ನಲ್ಲಿ ಇದು ಬಂದಾಗ 'ಬಹುಶಃ' ಅನ್ನೋ ಪದ ಉದುರಿಹೋಗಿರ್ತದೆ. ಅದೇ ಪಟ್ಟಿಯಲ್ಲಿ ಕೆಂಪು ಮಾಂಸವೂ ಇದೆ. ಮನುಷ್ಯರಲ್ಲಿ ಸಿಕ್ಕ ಪುರಾವೆ ಸೀಮಿತ ಅಂತ ಆ ವಿಭಾಗವೇ ಹೇಳಿದೆ. ತಂಬಾಕು, ಅಡಿಕೆ ಇವು ಇರೋದು ಅದಕ್ಕಿಂತ ಮೇಲಿನ, ಅನುಮಾನವೇ ಇಲ್ಲದ 1ನೇ ಪಟ್ಟಿಯಲ್ಲಿ. ನೈಟ್ ಪಾಳಿಯಲ್ಲಿ ನಿದ್ದೆ ತಡೆಯೋಕೆ ಗುಟ್ಕಾ ಹಾಕುವವರು ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಗುಟ್ಕಾ ಎಷ್ಟೋ ಭಾರ.

ನೌಕರಿ ಬಿಡಿ ಅಂತ ಹೇಳುವಷ್ಟು ನಾವು ದಡ್ಡರಲ್ಲ. ಆದ್ರೆ ಮೇಲಿನ ಲೆಕ್ಕದಿಂದ ಎರಡು ಗುಬುಟಿ ನಮ್ಮ ಕೈಯಲ್ಲೇ ಇವೆ ಅಂತ ಕಾಣ್ತದೆ, ಬೆಳಕು ಮತ್ತು ಊಟ. 2021ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ 19 ಜನರನ್ನು ಕೃತಕವಾಗಿ ನೈಟ್ ಪಾಳಿಯಲ್ಲಿ ಇಟ್ಟರು. ರಾತ್ರಿಯೂ ಉಂಡವರ ರಕ್ತದ ಸಕ್ಕರೆ ಮಟ್ಟ ಏರಿತು. ಹಗಲು ಮಾತ್ರ ಉಂಡವರದ್ದು ಏರಲಿಲ್ಲ. ಬರೀ 19 ಜನ, ಅದೂ ಕೆಲವೇ ದಿನ. ಕ್ಲಿಂಕರ್ ಭಟ್ಟಿ ಮುಂದೆ ಎಂಟು ತಾಸು ನಿಂತವನಿಗೆ 'ರಾತ್ರಿ ಏನೂ ತಿನ್ನಬೇಡ' ಅನ್ನೋಕೆ ಬರಲ್ಲ. ಆದ್ರೂ ನಡುರಾತ್ರಿ 2ಕ್ಕೆ ಹೊಟ್ಟೆ ತುಂಬಾ ಊಟದ ಬದಲು ಪಾಳಿಗೆ ಹೋಗೋ ಮೊದಲು ಉಂಡು, ನಡುವೆ ಸ್ವಲ್ಪವೇ ತಿಂದು ನೋಡಬಹುದು. ಮಲಗುವ ಕೋಣೆಗೆ ದಪ್ಪ ಪರದೆ ಹಾಕಿದರೆ ಖರ್ಚು ದೊಡ್ಡದಲ್ಲ. ಸಕ್ಕರೆ ಕಾಯಿಲೆ ಇರುವವರು ಮಾತ್ರ ಊಟದ ಹೊತ್ತು ತಾವೇ ಬದಲಿಸಬೇಡಿ, ಮಾತ್ರೆ, ಇನ್ಸುಲಿನ್ ಲೆಕ್ಕ ತಪ್ಪಿದರೆ ಅಪಾಯ.

ಕ್ಯಾನ್ಸರ್ ಔಷಧಿಯನ್ನು ಗಡಿಯಾರ ನೋಡಿ ಕೊಟ್ಟರೆ ಹೇಗೆ ಅಂತಲೂ ಹುಡುಕಿದ್ದಾರೆ. ಒಳ್ಳೆಯ ಕೋಶ ಒಡೆಯದ ಹೊತ್ತಿಗೆ ಔಷಧಿ ಕೊಟ್ಟರೆ ಅದಕ್ಕೆ ಪೆಟ್ಟು ಕಡಿಮೆ ಅನ್ನೋದು ವಿಚಾರ. 2006ರಲ್ಲಿ ಯುರೋಪಿನಲ್ಲಿ ಕರುಳಿನ ಕ್ಯಾನ್ಸರ್ ಮೇಲೆ ನಡೆದ ದೊಡ್ಡ ಪರೀಕ್ಷೆಯ ಫಲಿತಾಂಶ ಬಂದಾಗ ಒಟ್ಟು ಲೆಕ್ಕದಲ್ಲಿ ವ್ಯತ್ಯಾಸ ಸಿಗಲಿಲ್ಲ. ಬಿಡಿಸಿ ನೋಡಿದರೆ ಗಂಡಸರಿಗೆ ಲಾಭ, ಹೆಂಗಸರಿಗೆ ನಷ್ಟ. ಎಲ್ಲರ ಗೇಟೂ ಒಂದೇ ಹೊತ್ತಿಗೆ ತೆರೆಯೋದಿಲ್ಲ ಅಂತ ಕಾಣ್ತದೆ. ಒಬ್ಬೊಬ್ಬರ ಗಡಿಯಾರಕ್ಕೆ ತಕ್ಕ ಹಾಗೆ ಹೊತ್ತು ಗೊತ್ತು ಮಾಡೋಕೆ ಈಗ ಮತ್ತೆ ಮಾಡೆಲ್‌ಗಳ ಮೊರೆ ಹೋಗಿದ್ದಾರೆ. ಕಲಬುರಗಿ ಆಸ್ಪತ್ರೆಗೆ ಚಿಕಿತ್ಸೆಗೆ ಹೋಗುವ ನಮ್ಮ ತಾಲ್ಲೂಕಿನವರು ಈ ಲೇಖನ ತೋರಿಸಿ ಇಂಜೆಕ್ಷನ್ ಟೈಮ್ ಬದಲಿಸಿ ಅಂತ ಕೇಳಬೇಡಿ, ಇನ್ನೂ ಆ ಹಂತಕ್ಕೆ ಬಂದಿಲ್ಲ. ಆದ್ರೆ ಶುಗರ್, ಬಿಪಿ, ಥೈರಾಯ್ಡ್ ಯಾವುದಕ್ಕೇ ಡಾಕ್ಟರ್ ಹತ್ತಿರ ಹೋದರೂ ಎರಡು ವಿಷಯ ನೀವಾಗಿಯೇ ಹೇಳಿ. ಈ ವಾರ ನಿಮ್ಮದು ಯಾವ ಪಾಳಿ, ಮತ್ತು ರಕ್ತ ಕೊಡೋ ಮೊದಲು ಕೊನೆ ಸಲ ಉಂಡದ್ದು, ಮಲಗಿ ಎದ್ದದ್ದು ಎಷ್ಟು ಗಂಟೆಗೆ. ಚೀಟಿಯ ಹಿಂದೆ ಬರೆದುಕೊಂಡು ಹೋದರೂ ಆಯ್ತು.